ಹುತ್ತದ ತಿರುವಿನ ನಲವತ್ತು ಅಡಿ

ವಿವರಣೆಗೆ ಸಿಗದ ಅನುಭವಗಳ ಇಂಥ ಬರಹಗಳನ್ನು ನಾನು ಯಾವಾಗಲೂ ಅರ್ಧಕ್ಕೆ ಬಿಡುತ್ತಿದ್ದೆ. ಬರೆದವರು ಸುಳ್ಳು ಹೇಳುತ್ತಿದ್ದಾರೆ ಎನ್ನಿಸುತ್ತಿರಲಿಲ್ಲ. ಕತ್ತಲಿತ್ತು, ಜ್ವರವಿತ್ತು, ಹೆದರಿಕೆಯಿತ್ತು, ಹೀಗೆ ಏನೋ ಒಂದು ಕಾರಣ ಅಲ್ಲೇ ಬಿದ್ದಿರುತ್ತದೆ, ಅದನ್ನು ಅವರು ಹುಡುಕಲು ಹೋಗಿಲ್ಲ ಎನ್ನಿಸುತ್ತಿತ್ತು. ನಾನು ಭೂಗೋಳಶಾಸ್ತ್ರ ಓದಿದವಳು. ಒಂದು ಸಂಗತಿ ಅಳತೆಗೆ ಸಿಗಲಿಲ್ಲವೆಂದರೆ ಅಳೆದವರ ಕೈ ಸರಿಯಿರಲಿಲ್ಲ ಎಂದೇ ನನ್ನ ತಿಳಿವಳಿಕೆಯಾಗಿತ್ತು.

ನನಗೆ ಆದದ್ದು ರಾತ್ರಿಯಲ್ಲಲ್ಲ. ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲಿನ ಒಂದು ಶನಿವಾರ, ಸಂಜೆ ನಾಲ್ಕೂವರೆಯ ಬಿಸಿಲಿನಲ್ಲಿ, ಒಬ್ಬ ಅಧಿಕಾರಿ ಪಕ್ಕದಲ್ಲೇ ಕೂತಿರುವಾಗ ಆಯಿತು. ಜ್ವರ ಇರಲಿಲ್ಲ. ಊಟ ಮಾಡಿದ್ದೆ. ನಿದ್ದೆ ಮಾತ್ರ ಮೂರು ವಾರದಿಂದ ಸರಿಯಾಗಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕಾರಣ ನಿಮಗೆ ಸಾಕೆನಿಸಿದರೆ ನನ್ನ ತಕರಾರಿಲ್ಲ. ನನಗೆ ಸಾಕಾಗಲಿಲ್ಲ.

ಕೂಡ್ಲಿಗಿಯಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ ಒಂದು ಕಾಯ್ದಿಟ್ಟ ಕಾಡಿದೆ. ಹೆಸರು ಬೇಡ. ನಮ್ಮ ಕಡೆಯ ಕಾಡು ಎತ್ತರದ ಮರಗಳದ್ದಲ್ಲ. ಮನೆಯಷ್ಟು ದೊಡ್ಡ ಕಲ್ಲುಗುಂಡುಗಳು ಒಂದರ ಮೇಲೊಂದು ಕೂತ ಗುಡ್ಡಗಳು, ಅವುಗಳ ಸಂದಿಯಲ್ಲಿ ಕಮರ, ಕಾರೆ, ಸೀತಾಫಲ, ಬೇಸಿಗೆ ಬಂದರೆ ಬರೀ ಮುಳ್ಳು. ಗುಂಡುಗಳ ಕೆಳಗಿನ ಗವಿಗಳಲ್ಲಿ ಕರಡಿಗಳು ಹಗಲೆಲ್ಲ ಮಲಗಿರುತ್ತವೆ. ಅಲ್ಲಿ ಮೊದಲಿಂದಲೂ ಮೂರು ಕಾಲುದಾರಿಗಳಿದ್ದವು, ಮೂರೂ ಕುರಿಗಳು ತುಳಿದು ಮಾಡಿದವು. ನಾಲ್ಕನೆಯದನ್ನು ಬೇರೆ ರೀತಿ ಮಾಡಬೇಕೆಂದು ಅರಣ್ಯ ಇಲಾಖೆ ತೀರ್ಮಾನಿಸಿತು. ಕಾಲು ನಡೆಯದವರು, ಕಣ್ಣು ಕಾಣದವರು, ಮಂಡಿನೋವಿನವರು ಕೂಡ ಕಾಡಿನೊಳಗೆ ಹೋಗಿ ಬರುವಂಥ ದಾರಿ. ಅದರ ಅಳತೆ ನೋಡುವ ಕೆಲಸ ಒಂದು ವರ್ಷದ ಗುತ್ತಿಗೆಯ ಮೇಲೆ ನನಗೆ ಸಿಕ್ಕಿತು. ನನ್ನ ಊರು ಹರಪನಹಳ್ಳಿ. ಕೆಲಸಕ್ಕಾಗಿ ಕೂಡ್ಲಿಗಿಯಲ್ಲಿ ಒಂದು ಕೋಣೆ ಹಿಡಿದೆ.

ದಾರಿ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಗೇಟಿನಲ್ಲಿ ಶುರುವಾಗಿ ಸುತ್ತು ಹಾಕಿ ಅದೇ ಗೇಟಿಗೆ ಬಂದು ಸೇರುತ್ತದೆ. ಗರಸುಮಣ್ಣು ಹಾಸಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿದ ನೆಲ. ಗಾಲಿ ಕೆಳಗಿಳಿಯದಂತೆ ಎರಡೂ ಬದಿಗೆ ಕಲ್ಲಿನ ಅಂಚು. ಕೂತವರ ಕಣ್ಣಿನ ಎತ್ತರಕ್ಕೆ ಫಲಕಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಏರು. ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿಗಿಂತ ಹೆಚ್ಚು ಏರಬಾರದು. ಏರಿದರೆ ಗಾಲಿಕುರ್ಚಿಯವರು ತಮ್ಮ ತೋಳಿನ ಬಲದಿಂದಲೇ ಹತ್ತುವುದು ಕಷ್ಟ, ಯಾರಾದರೂ ಹಿಂದಿನಿಂದ ತಳ್ಳಬೇಕಾಗುತ್ತದೆ. ಹಾಗೆ ತಳ್ಳಿಸಿಕೊಳ್ಳದೆ ಹೋಗಿ ಬರಲೆಂದೇ ಆ ದಾರಿ.

ಏರನ್ನು ನಾನೂ ಗಾರೆ ಕೆಲಸದ ಗೌಂಡಿ ಓಬಣ್ಣನವರೂ ಲೆವೆಲ್ ಪೈಪಿನಿಂದ ಅಳೆಯುತ್ತಿದ್ದೆವು. ಒಳಗಿನ ನೀರು ಹೊರಗೆ ಕಾಣುವ ಉದ್ದನೆಯ ಪೈಪು. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎರಡೂ ತುದಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ ನೋಡಿ ಗುರುತು ಹಾಕುವುದು. ದಾರಿಯ ಮುಕ್ಕಾಲು ಭಾಗ ಹೀಗೇ ಸರಾಗವಾಗಿ ಸಾಗಿತು. ಆಮೇಲೆ ಹುತ್ತ ಬಂತು.

ಆಳೆತ್ತರಕ್ಕಿಂತ ಎತ್ತರದ ಹುತ್ತ, ಸರಿಯಾಗಿ ದಾರಿಯ ನಡುವೆ. ಅದನ್ನು ಕೆಡವಿ ನೆಲ ಸಮ ಮಾಡುವುದೆಂದು ನಕ್ಷೆಯಲ್ಲಿತ್ತು. ಕೂಲಿಗೆ ಬರುತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು ಕೂತುಬಿಟ್ಟರು. ಅವರಲ್ಲಿ ಹಿರಿಯರಾದ ದುರುಗಮ್ಮ ಹುತ್ತದ ಬಾಯಿಗೆ ಅಂಗೈ ಹಿಡಿದು ನನ್ನನ್ನು ಕರೆದರು. "ಇಲ್ಲಿ ಕೈ ಇಟ್ಟು ನೋಡು ಯವ್ವಾ, ಒಳಗ ಉಸುರಾಡ್ತೈತಿ. ಪಂಚಮಿಗಿ ಹಾಲೆರದ ಕೈಲೆ ಗುದ್ದಲಿ ಹಾಕಂಗಿಲ್ಲ ನಾವು." ಓಬಣ್ಣ ನಕ್ಕರು. "ಕರಡಿಗೂ ಇದೇ ಹೋಟ್ಲು ಐತ್ರಿ ಮೇಡಂ. ಇದನ್ನ ಕೆಡವಿದ್ರ ಅದು ಗೆದ್ದಲ ಹುಡುಕ್ಕೊಂಡು ನಿಮ್ಮ ರೂಮಿಗೇ ಬರ್ತೈತಿ." ಮೇಲಧಿಕಾರಿ ಸಾಹೇಬರು ಫೋನಿನಲ್ಲಿ, ಹುತ್ತ ಬಿಟ್ಟು ಪಕ್ಕಕ್ಕೆ ತಿರುಗಿಸಿ, ಆದರೆ ಅಳತೆ ಕೆಡಬಾರದು, ಕೆಟ್ಟರೆ ಕೆಡವಲೇಬೇಕು ಅಂದರು.

ಒಂದು ಪಕ್ಕಕ್ಕೆ ಮಳೆನೀರಿನ ಕೊರಕಲು, ಇನ್ನೊಂದು ಪಕ್ಕಕ್ಕೆ ಬಂಡೆ. ಬಂಡೆಯ ಹೆಗಲ ಮೇಲೆ ದಾರಿ ಹೋಯಿತು. ಅಳೆದಾಗ ನಲವತ್ತು ಅಡಿಯಲ್ಲಿ ಐದು ಅಡಿ ಏರು ಬಂತು. ಎಂಟಕ್ಕೆ ಒಂದು. ಅದರ ಮುಂದಿನ ನಲವತ್ತು ಅಡಿ ಸಮತಟ್ಟು. ನಾನು ಎರಡನ್ನೂ ಕೂಡಿಸಿ ಭಾಗಿಸಿದೆ. ಹದಿನಾರಕ್ಕೆ ಒಂದು. ಅದನ್ನೇ ಪುಸ್ತಕದಲ್ಲಿ ಬರೆದೆ. ಓಬಣ್ಣ ಪೈಪು ಸುತ್ತುತ್ತ, "ಇಲ್ಲಿ ಎತ್ತಿನ ಬಂಡೀನೂ ತಿಣುಕ್ತೈತ್ರಿ," ಅಂದರು. ಸರಾಸರಿ ಸರಿ ಇದೆ ಅಂದೆ. ಅವರು ಪೈಪನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಹೋದರು.

ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ, ನಿಜ ಬರೆದಿದ್ದರೆ ಹುತ್ತ ಉಳಿಯುತ್ತಿರಲಿಲ್ಲ, ಹೆಂಗಸರು ಕೆಲಸ ಬಿಡುತ್ತಿದ್ದರು, ದಾರಿ ಮುಗಿಯುತ್ತಿರಲಿಲ್ಲ ಎಂದು ಹೇಳಬಹುದು. ಅವೆಲ್ಲ ಆಮೇಲೆ ಹೊಂದಿಸಿಕೊಂಡ ಉತ್ತರಗಳು. ಬರೆಯುವಾಗ ಅಷ್ಟು ಯೋಚಿಸಿರಲಿಲ್ಲ. ಒಂದು ಅಂಕಿ ಬೇಕಿತ್ತು, ಸಿಕ್ಕಿತು. ಆದರೆ ಅಂದಿನಿಂದ ನನಗೆ ಯಾವುದೂ ಸರಿಯಾಗಿ ತಾಗುವುದು ನಿಂತುಹೋಯಿತು. ಚಹಾದ ಲೋಟ ಹಿಡಿದರೆ ಬಿಸಿಯೆನ್ನುವುದು ತಡವಾಗಿ ತಿಳಿಯುತ್ತಿತ್ತು. ಕಾಲಿಗೆ ಕಾರೆಮುಳ್ಳು ಚುಚ್ಚಿದ್ದು ರೂಮಿಗೆ ಬಂದು ರಕ್ತ ನೋಡಿದ ಮೇಲೆ ಗೊತ್ತಾಯಿತು. ಪಶ್ಚಾತ್ತಾಪ ಎನ್ನುವಷ್ಟು ದೊಡ್ಡದೇನೂ ಅಲ್ಲ. ಬರಿ ಜೋಮು.

ಇನ್ನು ಕೊಟ್ರಿಯ ವಿಷಯ. ಅವಳ ಪೂರ್ತಿ ಹೆಸರು ಕೊಟ್ರಮ್ಮ, ಕೊಟ್ಟೂರಿನವಳು. "ನಮ್ಮೂರಾಗ ಒಂದು ಕಲ್ಲು ಒಗದ್ರ ಅದು ಕೊಟ್ರೇಶಿಗರ ಬೀಳ್ತೈತಿ, ಕೊಟ್ರಮ್ಮಗರ ಬೀಳ್ತೈತಿ," ಎಂದು ತನ್ನ ಹೆಸರನ್ನು ತಾನೇ ಆಡಿಕೊಳ್ಳುವವಳು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಎರಡು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವಳದು ಸಸ್ಯಶಾಸ್ತ್ರ. ಎಂಟನೇ ತರಗತಿಯಲ್ಲಿ ಹುಣಸೆಮರದಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದಳು, ಅಲ್ಲಿಂದ ಗಾಲಿಕುರ್ಚಿ. ಮೊದಲ ದಿನ ನಾನು ಒಳ್ಳೆಯತನ ತೋರಿಸಲು ಹೋಗಿ ಕೇಳದೆ ಅವಳ ಕುರ್ಚಿ ತಳ್ಳಿದೆ. ಅವಳು ಗಾಲಿಗೆ ಕೈ ಅಡ್ಡ ಕೊಟ್ಟು ನಿಲ್ಲಿಸಿ, "ಲೇ, ನಾನೇನು ತಳ್ಳೋ ಗಾಡೀನಾ? ಮ್ಯಾಲೆ ಬಾಳಿಹಣ್ಣು ಅದಾವೇನು ನೋಡು," ಅಂದಳು.

ಗ್ರಂಥಾಲಯದ ಇಳಿಜಾರು ಮಾತ್ರ ಅವಳ ಕೈಯಲ್ಲಿ ಆಗುತ್ತಿರಲಿಲ್ಲ. ಅದಕ್ಕೆ ನಾವೊಂದು ಕ್ರಮ ಮಾಡಿಕೊಂಡೆವು. ಕುರ್ಚಿಯ ಹಿಂದಿನ ಹಿಡಿಯ ಕಬ್ಬಿಣಕ್ಕೆ ನನ್ನ ಉಂಗುರದಿಂದ ಎರಡು ಸಲ ತಟ್ಟುವುದು. ಅವಳು "ಹೂಂ" ಅಂದರೆ ತಳ್ಳುವುದು, ಸುಮ್ಮನಿದ್ದರೆ ಕೈ ತೆಗೆಯುವುದು. ಮಾತಿನಲ್ಲಿ ಕೇಳಿದರೆ ಸುತ್ತಲಿನವರೆಲ್ಲ ತಿರುಗಿ ನೋಡುತ್ತಾರೆ ಎನ್ನುವುದು ಅವಳ ಸಂಕೋಚ. ಬೇರೆ ಯಾರಿಗೂ ಆ ಅನುಮತಿ ಇರಲಿಲ್ಲ, ಅವಳ ಅವ್ವನಿಗೂ ಇರಲಿಲ್ಲ.

ದಾರಿ ಮುಗಿಯುತ್ತ ಬಂದಾಗ ಅದರ ಮೇಲೆ ಜನರನ್ನು ಕರೆದುಕೊಂಡು ಹೋಗಿ ಗಿಡಮರ ಪರಿಚಯಿಸಲು ಒಬ್ಬರು ಸ್ಥಳೀಯ ಪದವೀಧರರು ಬೇಕೆಂದು ಇಲಾಖೆ ಅರ್ಜಿ ಕರೆಯಿತು. ಕೊಟ್ರಿ ಹಾಕಿದಳು. ಓದು ಮುಗಿದು ಮೂರು ವರ್ಷ ಅವಳು ಮನೆಯಲ್ಲಿದ್ದಳು. ಒಂಬತ್ತು ಕಡೆ ಸಂದರ್ಶನಕ್ಕೆ ಹೋಗಿದ್ದಳು, ಅದರಲ್ಲಿ ನಾಲ್ಕು ಕಡೆ ಕಚೇರಿಯ ಮೆಟ್ಟಿಲು ಹತ್ತಲಾಗದೆ ಕೆಳಗೇ ಮಾತಾಡಿಸಿ ಕಳಿಸಿದ್ದರು. ಈ ಕೆಲಸ ತನಗಾಗಿಯೇ ಹುಟ್ಟಿದೆ ಎನ್ನುವ ಹಾಗೆ ಇದ್ದಳು. ಸಾಹೇಬರಿಗೆ ಅನುಮಾನವಿತ್ತು. "ಶಾಲೆ ಮಕ್ಕಳನ್ನ ಕರ್ಕೊಂಡು ಹೋಗಿ ನಡುದಾರಿಯಲ್ಲಿ ನೀವೇ ನಿಂತ್ರೆ ಮಕ್ಕಳು ಏನ್ಮಾಡ್ಬೇಕ್ರೀ?" ಎಂದು ಅವಳನ್ನೇ ಕೇಳಿದರು. ಅವಳು ಅಲ್ಲೇ ಉತ್ತರ ಕೊಟ್ಟಳು. "ಒಬ್ಬಾಕಿನ ಒಂದು ಸುತ್ತು ಹೋಗಿ ಬರ್ತೀನ್ರಿ ಸರ್. ಮುಂದ ಯಾರೂ ಬ್ಯಾಡ, ಹಿಂದ ಯಾರೂ ಬ್ಯಾಡ. ಬಂದ್ರ ಕೆಲಸ ಕೊಡ್ರಿ. ಬರ್ಲಿಲ್ಲಂದ್ರ ಮನಿಗಿ ಹೋಗ್ತೀನಿ."

ಆಚೆ ಬಂದ ಮೇಲೆ ನನಗೆ ಹೇಳಿದಳು. "ಅಳದಾಕಿ ನೀನು. ಮತ್ತ ನಾ ಯಾಕ ಅಂಜಬೇಕು?"

ಆಗ ಹೇಳಬೇಕಿತ್ತು. ಹೇಳಲಿಲ್ಲ.

ಶನಿವಾರ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅವಳು ಗೇಟಿನಿಂದ ಒಳಗೆ ಹೋದಳು. ಅದಕ್ಕೂ ಮೊದಲು ದುರುಗಮ್ಮ ಇಡೀ ದಾರಿಯನ್ನು ತಮ್ಮ ಹೆಜ್ಜೆಯೂ ಉಳಿಯದಂತೆ ಪೊರಕೆಯಿಂದ ಗುಡಿಸಿ ಬಂದಿದ್ದರು. ಓಬಣ್ಣ ನಡುವಿನ ಒಂದು ಗುಂಡಿನ ಮೇಲೆ ಸೀಟಿ ಹಿಡಿದು ಕೂತಿದ್ದರು, ಕರಡಿ ಅಲುಗಾಡಿದರೆ ಊದಲಿಕ್ಕೆ. ಅಲ್ಲಿಂದ ದಾರಿಯೆಲ್ಲ ಕಾಣುತ್ತದೆ, ಹುತ್ತದ ತಿರುವು ಮಾತ್ರ ಬಂಡೆಯ ಮರೆಗೆ ಬೀಳುತ್ತದೆ. ಸಾಹೇಬರು ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಕೂತು ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದರು. ನಾನು ಅವರಿಂದ ಮೂರು ಹೆಜ್ಜೆ ಆಚೆ ನಿಂತಿದ್ದೆ. ಫೈಲು ಕಂಕುಳಲ್ಲಿತ್ತು, ಎರಡೂ ಕೈ ಖಾಲಿ.

ಹುತ್ತದ ತಿರುವಿಗೆ ಇಪ್ಪತ್ತು ನಿಮಿಷ ಬೇಕೆಂದು ನನ್ನ ಲೆಕ್ಕ. ನಾಲ್ಕು ಇಪ್ಪತ್ತೊಂಬತ್ತಕ್ಕೆ ಗಡಿಯಾರ ನೋಡಿದ್ದು ನೆನಪಿದೆ. ಆಗ ನನ್ನ ಅಂಗೈಗಳಲ್ಲಿ ಭಾರ ಬಂತು.

ಇದನ್ನು ಸರಿಯಾಗಿ ಹೇಳಲು ಬಹಳ ಸಲ ಪ್ರಯತ್ನಿಸಿದ್ದೇನೆ. ಯಾರೋ ನನ್ನ ಕೈ ಹಿಡಿದರು ಎಂದಲ್ಲ. ನಾನೇ ಏನನ್ನೋ ಹಿಡಿದು ಮುಂದಕ್ಕೆ ನೂಕುತ್ತಿದ್ದೇನೆ, ಅದು ಹಿಂದಕ್ಕೆ ನನ್ನ ಮೇಲೆ ಬರುತ್ತಿದೆ ಎನ್ನುವಂಥ ಭಾರ. ಕೈಗಳು ಇಳಿಬಿದ್ದೇ ಇದ್ದವು, ನನಗೆ ಕಾಣುತ್ತಿದ್ದವು. ಆದರೆ ಮೊಣಕೈ, ಭುಜ, ಮೀನಖಂಡ ಎಲ್ಲ ಬಿಗಿದುಕೊಂಡವು. ಚಪ್ಪಲಿಯೊಳಗೆ ಬೆರಳುಗಳು ನೆಲ ಕಚ್ಚಿದವು. ಹಸಿ ಹುತ್ತದ ಮಣ್ಣಿನ ವಾಸನೆ ಬಂತು, ಗೇಟಿನ ಹತ್ತಿರ ಅಂಥ ಮಣ್ಣಿಲ್ಲ. ಕಣ್ಣಿಗೆ ಮಾತ್ರ ಗೇಟು, ಜೀಪು, ಬೆಂಚು, ಸಾಹೇಬರ ಬಾಯಿ ಆಡುತ್ತಿರುವುದು, ಎಲ್ಲ ಇದ್ದ ಹಾಗೇ ಕಾಣುತ್ತಿತ್ತು. ಅವರು ನನಗೇನೋ ಹೇಳುತ್ತಿದ್ದಾರೆಂದು ತಿಳಿಯಿತು, ಉತ್ತರ ಕೊಡಲು ಉಸಿರು ಸಾಲಲಿಲ್ಲ. ಮೂರು ವಾರದಿಂದ ಯಾವುದೂ ತಾಗದಿದ್ದ ಕೈಗೆ ಅದೊಂದು ಸ್ಪಷ್ಟವಾಗಿ ತಾಗುತ್ತಿತ್ತು. ಹೆದರಿಕೆ ಆಗಲಿಲ್ಲ. ಏನೂ ಆಗಲಿಲ್ಲ. ಬಿಡಬಾರದು ಎನ್ನುವುದೊಂದೇ ಗೊತ್ತಿತ್ತು.

ಆಮೇಲೆ ಭಾರ ಹಗುರಾಯಿತು. ಏರು ಮುಗಿದು ಸಮತಟ್ಟು ಬಂದಾಗ ಆಗುತ್ತದಲ್ಲ, ಹಾಗೆ. ಗಡಿಯಾರದಲ್ಲಿ ನಾಲ್ಕು ಮೂವತ್ತೊಂದು.

"ಏನ್ರೀ ಮೇಡಂ, ನಾನು ಕೇಳ್ತಾನೇ ಇದೀನಿ," ಸಾಹೇಬರು ಫೋನು ಕೆಳಗಿಟ್ಟು ಹೇಳುತ್ತಿದ್ದರು. "ನಿಂತಲ್ಲೇ ನಿಂತು ಇಷ್ಟು ಬೆವರ್ತೀರಲ್ರೀ. ಮೈಯಾಗೆ ಹುಷಾರಿಲ್ವಾ? ನೀರು ಕುಡೀರಿ."

ಬಾಟಲಿ ತೆಗೆದುಕೊಳ್ಳುವಾಗ ನನ್ನ ಅಂಗೈ ನೋಡಿಕೊಂಡೆ. ಎರಡರಲ್ಲೂ ಕೆಂಪು ಗೆರೆಗಳು ಅಡ್ಡಡ್ಡ ಮೂಡಿದ್ದವು. ಎಣಿಸಿದೆ. ಒಂದೊಂದರಲ್ಲಿ ಏಳು. ಕೊಟ್ರಿಯ ಕುರ್ಚಿಯ ಹಿಡಿಗೆ ರಬ್ಬರಿನ ಹೊದಿಕೆ ಇದೆ, ಅದರ ಮೇಲೆ ಉಂಗುರ ಉಂಗುರವಾಗಿ ಉಬ್ಬುಗಳಿವೆ. ಎಷ್ಟಿವೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ನಾಲ್ಕೂ ನಲವತ್ತಕ್ಕೆ ಅವಳು ಗೇಟಿಗೆ ಬಂದಳು. ಸಾಹೇಬರು ಎದ್ದು ಚಪ್ಪಾಳೆ ತಟ್ಟಿ, "ಆಯ್ತು ಬಿಡ್ರೀ, ಕೆಲಸ ನಿಮ್ದೇ. ಸೋಮವಾರ ಆರ್ಡರ್ ಬರೆಸ್ತೀನಿ," ಎಂದರು. ಕೊಟ್ರಿ ಥ್ಯಾಂಕ್ಸ್ ಸರ್ ಅಂದಳು, ಅಷ್ಟೆ. ನನ್ನ ಮುಖ ನೋಡಲಿಲ್ಲ. ಅವಳನ್ನು ಊರಿಗೆ ಕರೆದೊಯ್ಯಲು ಅವಳ ಮಾವನ ಆಟೊ ಬಂದು ನಿಂತಿತು. ಸಾಹೇಬರ ಜೀಪು ಹೋದ ಮೇಲೆ ಕೊಟ್ರಿ ಕೇಳಿದಳು.

"ಯಾಕ ಬಂದಿ?"

"ಎಲ್ಲಿಗೆ?"

"ನಾಟಕ ಮಾಡಬ್ಯಾಡ ಲೇ. ಹುತ್ತದ ಹಂತ್ಯಾಕ. ತೋಳು ಸೋತು ಹಿಂದಕ್ಕ ಜಾರ್ತಿದ್ದೆ. ಎರಡು ಸಲ ತಟ್ಟಿದಿ. ನಾ ಹೂಂ ಅಂದೆ."

ನಾನು ಗೇಟು ಬಿಟ್ಟು ಅಲುಗಾಡಿಲ್ಲ, ಸಾಹೇಬರನ್ನು ಕೇಳು ಅಂದೆ. ಅವಳು ನಗಲಿಲ್ಲ. "ತಿರುಗಿ ನೋಡ್ಲಿಲ್ಲ ನಾನು. ನೋಡಿದ್ರ ನೀನ ಅಂತ ಖಾತ್ರಿ ಆಗಿ ಅಲ್ಲೇ ನಿಲ್ಲಬೇಕಾಗ್ತಿತ್ತು. ಅದಕ್ಕ ಕೈ ತೊಡಿ ಮ್ಯಾಲೆ ಇಟ್ಕೊಂಡು ಸುಮ್ಮನ ಕುಂತೆ. ಕೆಲಸ ಬೇಕಾಗಿತ್ತು ನೋಡು, ಕಳ್ಳಿ ಆದೆ." ಗಾಲಿಗೆ ಹತ್ತಿದ ಮಣ್ಣು ಕೊಡವುತ್ತ, "ನಿನಗ ನನ್ನ ಮ್ಯಾಲೆ ಅಷ್ಟೂ ನಂಬಿಕಿ ಇರಲಿಲ್ಲೇನು?" ಅಂದಳು.

ಆಟೊ ಹೋಯಿತು. ಬೆಳಕು ಇನ್ನೂ ಇತ್ತು. ನಾನು ದಾರಿ ಹಿಡಿದು ಹುತ್ತದವರೆಗೆ ಹೋದೆ. ಗುಡಿಸಿದ ಗರಸಿನ ಮೇಲಿನ ಸಣ್ಣ ಧೂಳಿನಲ್ಲಿ ಎರಡು ಗಾಲಿಯ ಗುರುತು ಗೆರೆ ಎಳೆದ ಹಾಗಿತ್ತು. ತಿರುವಿನ ಏರಿನಲ್ಲಿ ಹತ್ತು ಹನ್ನೆರಡು ಅಡಿ ಹತ್ತಿದ ಮೇಲೆ ಗುರುತು ಒಂದು ಗೇಣು ಹಿಂದಕ್ಕೆ ಜಾರಿ ಕಲಸಿಹೋಗಿತ್ತು. ಅಲ್ಲಿಂದ ಮೇಲಕ್ಕೆ ಮತ್ತೆ ನೇರ, ಎಲ್ಲೂ ತಡೆದಿಲ್ಲ. ಎರಡು ಗೆರೆಗಳ ನಡುವೆ, ಹಿಂದೆ, ಪಕ್ಕದಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ. ನನ್ನ ಚಪ್ಪಲಿಯ ಗುರುತು ಹೇಗೆ ಬೀಳುತ್ತದೆಂದು ಪಕ್ಕದಲ್ಲಿ ಒತ್ತಿ ನೋಡಿದೆ. ಚೆನ್ನಾಗಿಯೇ ಬಿತ್ತು.

ಪೊರಕೆ ತೆಗೆದುಕೊಂಡು ಹೋಗಲು ಬಂದ ದುರುಗಮ್ಮ ನಾನು ಕುಕ್ಕರಗಾಲಲ್ಲಿ ಕೂತದ್ದನ್ನು ನೋಡಿದರು. "ಏನು ಕಳಕೊಂಡಿ ಯವ್ವಾ?" ಹೆಜ್ಜೆ ಹುಡುಕುತ್ತಿದ್ದೇನೆ ಅಂದೆ, ಯಾಕೆಂದು ಎರಡು ಮಾತಿನಲ್ಲಿ ಹೇಳಿದೆ. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಹುತ್ತದಮ್ಮನ ಮನಿ ಉಳಿಸೀವಿ, ಒಂದು ಕೈ ಹಚ್ಯಾಳ. ಆಕಿ ಹೆಜ್ಜಿ ಗರಸಿನ್ಯಾಗ ಮೂಡತಾವೇನು?" ಎಂದು ಪೊರಕೆ ಕೊಡವಿ ಹೆಗಲಿಗಿಟ್ಟುಕೊಂಡು ಹೋದರು. ಅವರಂತೆ ಅದನ್ನು ಅಲ್ಲಿಗೇ ಮುಗಿಸಲು ನನಗೆ ಆಗಲಿಲ್ಲ. ಅಮ್ಮನಾದರೆ ಉಂಗುರದಿಂದ ಎರಡು ಸಲ ತಟ್ಟುವುದು ಅವಳಿಗೆ ಹೇಗೆ ಗೊತ್ತು? ನನ್ನ ಕೈಯಲ್ಲೇಕೆ ಗೆರೆ?

ರೂಮಿಗೆ ಹೋಗಿ ಕೊಟ್ರಿಗೆ ಫೋನು ಮಾಡಿದೆ. ತಳ್ಳಿದವಳು ನಾನಲ್ಲ ಎಂದು ಮತ್ತೆ ವಾದ ಮಾಡಲಿಲ್ಲ. ಹುತ್ತದ ತಿರುವಿನ ಏರು ಎಂಟಕ್ಕೆ ಒಂದು, ನಾನು ಪುಸ್ತಕದಲ್ಲಿ ಸರಾಸರಿ ಬರೆದು ಮುಚ್ಚಿದೆ, ಅದನ್ನು ನಿನಗೆ ಹೇಳದೆ ಕಳಿಸಿದೆ, ಎಂದೆ. ಅವಳು ಬೈಯುತ್ತಾಳೆಂದು ಕಾದೆ.

"ಎಂಟಕ್ಕೊಂದಾ?"

"ಹೂಂ."

"ಮತ್ತ ಯಾರ್ದರ ಕೈ ಇಲ್ದ ನಾ ಹೆಂಗ ಹತ್ತಿದೆ?" ಆಮೇಲೆ, "ನಾಳೆ ನಾನು ಮತ್ತ ಹೋಗ್ತೀನಿ. ಓಬಣ್ಣ ಒಬ್ರಿದ್ರ ಸಾಕು. ನೀನು ಕಾಡಿಗಿ ಬರಬ್ಯಾಡ, ಕೂಡ್ಲಿಗ್ಯಾಗೂ ಇರಬ್ಯಾಡ. ಹರಪನಹಳ್ಳಿಗಿ ಹೋಗಿ ನಿಮ್ಮನ್ಯಾಗ ಕುಂದ್ರು," ಅಂದಳು.

ಭಾನುವಾರ ಬೆಳಗಿನ ಬಸ್ಸಿಗೆ ಊರಿಗೆ ಹೋದೆ. ಗೆರೆಗಳು ರಾತ್ರಿಯೇ ಮಾಸಿಹೋಗಿದ್ದವು. ನಾಲ್ಕು ಗಂಟೆಗೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತೆ. ಎರಡೂ ಕೈಗಳನ್ನು ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡೆ. ಬರಬಾರದು ಎಂದು ಕೂತೆನೋ, ಬರಲಿ ಎಂದು ಕೂತೆನೋ ಕೇಳಬೇಡಿ. ಅವ್ವ ಎದುರಿಗೆ ಶೇಂಗಾ ಸುಲಿಯುತ್ತಿದ್ದಳು. "ಯಾಕೆ ಹಂಗೆ ಕೈ ಚಾಚ್ಕೊಂಡು ಕೂತೀಯ? ಯಾರಾದ್ರೂ ಏನಾದ್ರೂ ತಂದು ಹಾಕ್ತಾರೇನು? ಬಾ, ನೀನೂ ನಾಲ್ಕು ಕಾಯಿ ಸುಲಿ," ಅಂದಳು. ನಾಲ್ಕೂವರೆ ಆಯಿತು. ನಾಲ್ಕೂ ಮುಕ್ಕಾಲಾಯಿತು. ಕೈಗೆ ಏನೂ ಬರಲಿಲ್ಲ. ಶೇಂಗಾದ ಧೂಳು ಮಾತ್ರ ಹಾರಿ ಬಂದು ಕೂತಿತ್ತು.

ಐದೂ ಹತ್ತಕ್ಕೆ ಕೊಟ್ರಿಯ ಫೋನು ಬಂತು.

"ಯಾರೂ ಬರ್ಲಿಲ್ಲ ಲೇ."

ಆಗಲಿಲ್ಲ ಎಂದು ಹೇಳುತ್ತಾಳೆಂದು ನಾನು ಕಾದಿದ್ದೆ. ಅವಳು ಹೇಳಿದ್ದು ಹಾಗಲ್ಲ. ಮೂರು ಸಲ ಹತ್ತಲು ನೋಡಿದಳಂತೆ, ಮೂರು ಸಲವೂ ಅದೇ ಜಾಗದಿಂದ ಹಿಂದಕ್ಕೆ ಜಾರಿದಳಂತೆ. ಆಮೇಲೆ ಗಾಲಿಗೆ ಬ್ರೇಕು ಹಾಕಿ ಸುಮ್ಮನೆ ಕೂತಿದ್ದಳು. ಎಷ್ಟು ಹೊತ್ತು ಎಂದು ಹೇಳಲಿಲ್ಲ. ಕೊನೆಗೆ ಅವಳು ಬರದ್ದನ್ನು ನೋಡಿ ಓಬಣ್ಣ ಗುಂಡಿನಿಂದ ಇಳಿದು ಬಂದು, "ತಳ್ಳಲೇನವ್ವಾ?" ಎಂದು ಕೇಳಿದರು. ಅವಳು ಹೂಂ ಅಂದಳು. ಹುಡುಗಿಯ ಕುರ್ಚಿ ಮುಟ್ಟಲು ಆ ದೊಡ್ಡ ಮನುಷ್ಯನಿಗೆ ಸಂಕೋಚವಾಗಿ ಹೆಗಲ ಟವೆಲ್ಲು ಹಿಡಿಗೆ ಸುತ್ತಿ ತಳ್ಳಿದರಂತೆ.

ಸೋಮವಾರ ನಾವಿಬ್ಬರೂ ಸಾಹೇಬರ ಎದುರು ಕೂತೆವು. ನಾನು ಏರಿನ ಅಳತೆ ತಪ್ಪು ಎಂದು ಬರೆದುಕೊಟ್ಟೆ. ಕೊಟ್ರಿ ನನಗಿಂತ ಮೊದಲೇ ಮಾತಾಡಿದ್ದಳು. ಶನಿವಾರ ತಾನು ಸ್ವಂತ ಬಲದಿಂದ ಬರಲಿಲ್ಲ, ಹಿಂದಿನಿಂದ ಕೈ ಇತ್ತು, ಯಾರದೆಂದು ಗೊತ್ತಿಲ್ಲ, ಆರ್ಡರ್ ಬರೆಸಬೇಡಿ, ಎಂದಳು. ಸಾಹೇಬರು ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. "ಏರು ಹೆಚ್ಚೈತಿ ಅಂತ ಇವರು. ಏರಿಸಿದೋರು ಯಾರೋ ಗೊತ್ತಿಲ್ಲ ಅಂತ ನೀವು. ರಿಪೋರ್ಟಿನಾಗೆ ನಾನೇನು ಬರೀಲಿ ಹೇಳ್ರಿ?" ಕೊನೆಗೆ ಅವರು ಬರೆದದ್ದು ಏರು ಸರಿಪಡಿಸಬೇಕು ಎಂದಷ್ಟೇ. ಕೆಲಸದ ಆದೇಶ ನಿಂತಿತು.

ದಾರಿಯನ್ನು ಬಂಡೆಯ ಆಚೆ ಬದಿಯಿಂದ ಉದ್ದಕ್ಕೆ ಸುತ್ತಿಸಿ, ಎರಡು ಸಲ ಹಿಂದುಮುಂದಾಗಿ ತಿರುಗಿಸಿ ಹಾಕಲು ಎರಡು ತಿಂಗಳು ಹಿಡಿಯಿತು. ಹುತ್ತ ಇದ್ದಲ್ಲೇ ಇದೆ. ಈ ಸಲ ಪ್ರತಿ ಹತ್ತು ಅಡಿಗೂ ಪೈಪು ಹಿಡಿದೆವು, ಎಲ್ಲೂ ಕೂಡಿಸಿ ಭಾಗಿಸಲಿಲ್ಲ. ಅದು ಮುಗಿಯುವಷ್ಟರಲ್ಲಿ ನನ್ನ ಗುತ್ತಿಗೆಯೂ ಮುಗಿಯಿತು, ಮುಂದುವರಿಸಲಿಲ್ಲ. ಅದು ನ್ಯಾಯವೇ.

ಅಂಗೈಯ ಗೆರೆಗಳ ಮಾತನ್ನು ಕೊಟ್ರಿಗೆ ನಾನು ಇವತ್ತಿಗೂ ಹೇಳಿಲ್ಲ. ಹೇಳಿದರೆ ತಳ್ಳಿದವಳು ನಾನೇ ಎಂದು ಅವಳು ನಿಶ್ಚಯ ಮಾಡಿಕೊಳ್ಳುತ್ತಾಳೆ, ನನ್ನಿಂದ ಅಲ್ಲವೆನ್ನಲು ಆಗುವುದಿಲ್ಲ. ಅವಳ ಕುರ್ಚಿಯ ಹಿಡಿಯ ಉಬ್ಬುಗಳನ್ನು ಆಮೇಲೊಮ್ಮೆ ಎಣಿಸಿದ್ದೇನೆ. ಒಂಬತ್ತಿವೆ. ನನ್ನ ಅಂಗೈ ಚಿಕ್ಕದು, ಏಳರ ಮೇಲೆಯೇ ಕೂರುತ್ತದೆ. ಇದರಿಂದ ಏನು ಸಾಬೀತಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಜೋಮು ಹಿಡಿದ ಕೈಯನ್ನು ನಾನೇ ಬಿಗಿಯಾಗಿ ಮುಷ್ಟಿ ಮಾಡಿರಬಹುದು, ಆದರೆ ಮುಷ್ಟಿಯ ಗುರುತು ಉಗುರಿನದಾಗಿರುತ್ತದೆ. ಅವಳಿಗೆ ಸೋಲುವ ಭಯದಲ್ಲಿ ತಟ್ಟಿದ ಸದ್ದು ಕೇಳಿರಬಹುದು, ತಾನೇ ಹತ್ತಿ ಮರೆತಿರಬಹುದು. ಹಾಗಿದ್ದರೆ ಮಾರನೆಯ ದಿನ ಮೂರು ಸಲ ಯಾಕೆ ಆಗಲಿಲ್ಲ? ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದುಕೊಳ್ಳುತ್ತದೆ. ಮೂರು ವರ್ಷದಿಂದ ಹೀಗೇ.

ಹೊಸ ದಾರಿಯಲ್ಲಿ ಅವಳು ಸುತ್ತು ಹಾಕಿದ ದಿನ ನಾನು ಅಲ್ಲಿರಲಿಲ್ಲ. ಬಾ ಎಂದು ಅವಳು ಕರೆಯಲಿಲ್ಲ, ಬರಲೇ ಎಂದು ನಾನೂ ಕೇಳಲಿಲ್ಲ. ಆದೇಶ ಕೈಗೆ ಬಂದ ಸಂಜೆ ಫೋನು ಮಾಡಿದಳು. ಅವಳ ಹಿಂದೆ ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು.

"ಮೂವತ್ತೆಂಟು ನಿಮಿಷಕ್ಕ ಬಂದೆ ಲೇ. ಹಿಂದ ಯಾರೂ ಇರಲಿಲ್ಲ. ಈ ಸಲ ತಿರುಗಿ ತಿರುಗಿ ನೋಡ್ಕೋತ ಹೋದೆ." ಅವಳ ದನಿಯಲ್ಲಿ ನಗು ಇತ್ತು. "ಇದು ನಂದು ಹೌದಿಲ್ಲೋ?"

"ನಿಂದೇ," ಅಂದೆ.

"ಹಂಗಾರ ಅವತ್ತಿಂದು ಯಾರ್ದು?"

ಗೊತ್ತಿಲ್ಲ ಅಂದೆ. ಅವಳು ಫೋನು ಇಡಲಿಲ್ಲ. ಗದ್ದಲದ ನಡುವೆ ಅವಳು ಉಸಿರಾಡುವುದು ನನಗೆ ಕೇಳುತ್ತಿತ್ತು, ನನ್ನದು ಅವಳಿಗೆ ಕೇಳುತ್ತಿದ್ದಿರಬೇಕು.